ಏನೂ ಇಲ್ಲವಂತೆ

ಬಣ್ಣದ ದೊಡ್ಡೀರಪ್ಪನ ಮನೆಯ ಮುಂದೆ ನಿಂತು ನಿರ್ಮಲಾ ಜಗಳ ತೆಗೆದದ್ದನ್ನು ನೋಡಿ ಬೀದಿಯವರಿಗೆ ಆಶ್ಚರ್ಯವಾಯಿತು. ಮದುವೆಯಾಗಿ ಮೊಳಕಾಲ್ಮೂರಿಗೆ ಬಂದು ಇಪ್ಪತ್ತಾರು ವರ್ಷ. ಮಗ್ಗದ ಗುಂಡಿಗೆ ಕಾಲಿಳಿಸಿ ಕೂತರೆ ಕತ್ತೆತ್ತದೆ ನೇಯುವ ಹೆಂಗಸು, ಯಾರಿಗೂ ಎದುರು ಮಾತಾಡಿದವಳಲ್ಲ. ಅಂಥವಳು ಅಂದು ಕೈಯಲ್ಲೊಂದು ಗಿಳಿಹಸಿರು ರೇಷ್ಮೆಯ ಲಡಿ ಹಿಡಿದುಕೊಂಡು ಬಂದು, ನಿನ್ನ ಬಣ್ಣ ನಿಲ್ಲುತ್ತಿಲ್ಲ, ನನ್ನ ಮೂರು ಕುಪ್ಪಸ ಹಾಳಾದವು, ನಾಳೆ ಸೀರೆ ಉಟ್ಟವರು ತಂದು ನಮ್ಮ ಮುಖಕ್ಕೆ ಬಿಸಾಡಿದರೆ ಯಾರು ಹೊಣೆ ಎಂದು ಕೇಳಿದಳು.

ದೊಡ್ಡೀರಪ್ಪ ಮೊಣಕೈವರೆಗೆ ನೀಲಿ ಹತ್ತಿದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಒಂದು ಬಿಳಿ ಬಟ್ಟೆ ತಂದು ಬಿಸಿನೀರಿಗೆ ಅದ್ದಿದ. ಲಡಿಯನ್ನು ಅದರೊಳಗೆ ಸುತ್ತಿ ಹಿಂಡಿದ, ಕಲ್ಲಿನ ಮೇಲಿಟ್ಟು ಅಂಗೈಯಿಂದ ಉಜ್ಜಿದ, ಬಿಚ್ಚಿ ಅವಳ ಮುಂದೆ ಹಿಡಿದ. ಬಟ್ಟೆ ಮೊದಲಿನಷ್ಟೇ ಬೆಳ್ಳಗಿತ್ತು.

"ಆ ಕುಪ್ಸ ತಾರಮ್ಮ, ನೋಡಾನ. ಕಲೆ ನೋಡಿದ್ರೆ ಯಾರ ಮನೆ ಬಣ್ಣ ಅಂತ ಹೇಳ್ತೀನಿ. ನಲವತ್ತು ವರ್ಷದಿಂದ ಇದೇ ಕೆಲ್ಸ ನಂದು," ಎಂದ.

ಆ ಕುಪ್ಪಸವನ್ನು ತಂದು ತೋರಿಸುವಂತಿರಲಿಲ್ಲ. ಕಲೆ ಇದ್ದದ್ದು ಒಳಭಾಗದಲ್ಲಿ, ಎಡಗಡೆಯ ಬಟ್ಟಲಿನ ನಟ್ಟನಡುವೆ, ಒಂದು ರೂಪಾಯಿ ನಾಣ್ಯದಷ್ಟು ಅಗಲ. ಅಕ್ಕಪಕ್ಕದ ಹೆಂಗಸರು ನೋಡುತ್ತಿದ್ದರು. ನಿರ್ಮಲಾ ಲಡಿ ಕಸಿದುಕೊಂಡು ಮನೆಗೆ ನಡೆದಳು.

ನೇಕಾರರ ಮನೆಯಲ್ಲಿ ಕಲೆಯನ್ನು ಯಾರೂ ವಿಚಿತ್ರವೆಂದುಕೊಳ್ಳುವುದಿಲ್ಲ. ಬೆರಳ ಸಂದಿಯಲ್ಲಿ ಬಣ್ಣ, ಪಾದದಲ್ಲಿ ಬಣ್ಣ, ಒಮ್ಮೊಮ್ಮೆ ಹಿಟ್ಟು ಕಲಸಿದರೆ ರೊಟ್ಟಿಯ ಅಂಚಿನಲ್ಲೂ ಒಂದು ಗೀರು. ನಾಲ್ಕು ತಿಂಗಳಿಂದ ಹಸಿರು ಸೀರೆಗಳೇ ಮಗ್ಗದ ಮೇಲಿದ್ದವು. ನೇಯ್ದಷ್ಟನ್ನು ಸುತ್ತಿಕೊಳ್ಳುವ ಮುಂದಿನ ಮರಕ್ಕೆ ಎದೆ ಆನಿಸಿಯೇ ಕೂರಬೇಕು. ಬೆವರಿಗೆ ಬಣ್ಣ ಇಳಿದಿದೆ ಎಂದು ಅವಳು ತಿಳಿದದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಸಿರು ಮುಗಿದು, ಮಗ್ಗಕ್ಕೆ ಉದ್ದೆಳೆಗಳ ಹೊಸ ಹಾಸು ಏರಿಸಿದರು. ಈ ಸಲ ಕುಂಕುಮದ ಕೆಂಪು, ಬಳ್ಳಾರಿಯ ಅಂಗಡಿಯವನೊಬ್ಬ ಮದುವೆಗೆಂದು ಹೇಳಿ ಮಾಡಿಸುತ್ತಿದ್ದ ಸೀರೆ. ಕೆಂಪು ನೇಯಲು ಕೂತ ಮೂರನೆಯ ದಿನ ಸ್ನಾನಕ್ಕೆಂದು ಕುಪ್ಪಸ ಬಿಚ್ಚಿದರೆ ಕಲೆ ಹಸಿರಾಗಿಯೇ ಇತ್ತು.

ಬಚ್ಚಲಲ್ಲಿ ನಿಂತು ಅವಳು ಆಗ ಮೊದಲ ಸಲ ತನ್ನನ್ನು ತಾನು ನೋಡಿಕೊಂಡಳು. ಎಡ ಮೊಲೆಯ ತೊಟ್ಟು ಒಳಕ್ಕೆ ಹೋಗಿತ್ತು, ಯಾರೋ ಹಿಂದಿನಿಂದ ದಾರ ಹಾಕಿ ಎಳೆದ ಹಾಗೆ. ಹಸಿರು ಒಸರುತ್ತಿದ್ದದ್ದು ಅಲ್ಲಿಂದ. ಅದರ ಬುಡದಲ್ಲಿ ಬೆರಳಿಗೆ ಹುಣಸೆಬೀಜದಷ್ಟು ಗಟ್ಟಿ ಗಂಟೊಂದು ಸಿಕ್ಕಿತು. ನೋವಿರಲಿಲ್ಲ. ನೋವಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮೊದಲು ಹೇಳಿದ್ದು ಅತ್ತೆ ತಿಪ್ಪಕ್ಕನಿಗೆ. ಮನೆಯಲ್ಲಿ ಅವರದು ತೆಲುಗು, ಬೀದಿಗಿಳಿದರೆ ಕನ್ನಡ, ಕೋಪ ಬಂದಾಗ ಎರಡೂ. ತಿಪ್ಪಕ್ಕ ನೋಡಲು ಒಪ್ಪಲಿಲ್ಲ. ಮುಟ್ಟು ನಿಲ್ಲುವ ಕಾಲಕ್ಕೆ ಮೈ ಹೀಗೆಲ್ಲ ಆಡುತ್ತದೆ, ನನಗೂ ಏನೇನೋ ಆಗಿತ್ತು, ಯಾರಿಗೆ ಹೇಳಿಕೊಂಡೆ ಎಂದಳು. ರಾಯದುರ್ಗದಲ್ಲಿರುವ ನಿನ್ನ ಮಗಳು ಪದ್ಮಶ್ರೀ ಏಳು ತಿಂಗಳ ಬಸುರಿ, ಅವಳ ಕಿವಿಗೆ ಹಾಕಕೂಡದು ಎಂದಳು. ಬೀದಿಯವರಿಗಂತೂ ಸುಳಿವೇ ಸಿಗಬಾರದು. ದೊಡ್ಡೀರಪ್ಪನ ಹತ್ತಿರ ಸುಮ್ಮನೆ ಯಾಕೆ ಹೋಗಿದ್ದೆ ಎಂದು ಅದಕ್ಕೂ ಬೈದಳು.

ನಿರ್ಮಲಾ ಎರಡು ದಿನ ತಡೆದಳು. ಮೂರನೆಯ ದಿನ ಸರ್ಕಾರಿ ಆಸ್ಪತ್ರೆಗೆ ಒಬ್ಬಳೇ ಹೋದಳು. ಅಲ್ಲಿದ್ದ ಲೇಡಿ ಡಾಕ್ಟರು ಪದ್ಮಶ್ರೀಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು, ಕೈ ತಣ್ಣಗಿತ್ತು. ಕಂಕುಳಿನಲ್ಲಿ, ಕುತ್ತಿಗೆಯ ಬುಡದಲ್ಲಿ ಎಲ್ಲ ಒತ್ತಿ ನೋಡಿ, ಎಷ್ಟು ದಿನದಿಂದ ಎಂದು ಕೇಳಿದಳು. ನಾಲ್ಕು ತಿಂಗಳಿಂದ ಕಲೆ ಇದೆ, ಸೀರೆಯ ಬಣ್ಣ ಅಂದುಕೊಂಡಿದ್ದೆ ಎಂದಾಗ ಬರೆಯುವುದನ್ನು ನಿಲ್ಲಿಸಿ ಮುಖ ನೋಡಿದಳು.

"ಇದು ಹಂಗೇ, ಇದು ಹಿಂಗೇ ಅಂತ ನಾನು ಈಗ ಹೇಳೋಕೆ ಬರಲ್ಲಮ್ಮ. ಚಳ್ಳಕೆರೆಗೆ ಹೋಗಿ ಸ್ಕ್ಯಾನ್ ಮಾಡಿಸಿ, ಸೂಜಿ ಪರೀಕ್ಷೆ ಮಾಡಿಸಿ. ಈ ವಾರನೇ ಹೋಗಿ," ಎಂದು ಚೀಟಿ ಕೊಟ್ಟಳು.

ಗಂಡ ಬೊಮ್ಮಣ್ಣ ಕೆಟ್ಟವನಲ್ಲ. ಕುಡಿಯುವವನಲ್ಲ, ಕೈ ಎತ್ತಿದವನಲ್ಲ. ನೂಲು ತರುವುದು, ಹಾಸು ಏರಿಸುವುದು, ಮುಗಿದ ಸೀರೆಯ ಫೋಟೋ ತೆಗೆದು ಅಂಗಡಿಗಳಿಗೆ ಕಳಿಸಿ ಮಾತಾಡುವುದು ಅವನ ಕೆಲಸ. ನೇಯುವುದು ಅವಳ ಕೆಲಸ. ಚೀಟಿಯನ್ನು ಎರಡೂ ಕಡೆ ತಿರುಗಿಸಿ ನೋಡಿ, ಸೀರೆ ಮುಗಿಸಿ ಮಗ್ಗದಿಂದ ಕೊಯ್ದ ಮೇಲೆ ಹೋದರಾಗದೇ ಎಂದು ಕೇಳಿದ. ಹಾಗೆ ಕೇಳಲು ಕಾರಣವಿತ್ತು. ಒಂದು ಸೀರೆಯನ್ನು ಅರ್ಧ ಒಬ್ಬರು ಅರ್ಧ ಇನ್ನೊಬ್ಬರು ನೇಯುವಂತಿಲ್ಲ. ಅಡ್ಡಕ್ಕೆ ಹಾಕುವ ಹೊಕ್ಕಿನ ಎಳೆಯನ್ನು ಬಡಿದು ಕೂರಿಸುವ ಬಲ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ತರ, ಕೈ ಬದಲಾದ ಕಡೆ ಅಡ್ಡಕ್ಕೆ ಗೆರೆ ಎದ್ದು ಕಾಣುತ್ತದೆ, ಕೊಳ್ಳುವವನು ಬೆಳಕಿಗೆ ಹಿಡಿದ ಕೂಡಲೇ ಬೆರಳಿಡುವುದು ಅಲ್ಲಿಗೇ. ನಿರ್ಮಲಾಗೂ ಇದು ಗೊತ್ತಿತ್ತು. ಬೇರೆ ದಿನವಾಗಿದ್ದರೆ ಅವಳೇ ಈ ಮಾತು ಆಡುತ್ತಿದ್ದಳು. ಆದರೂ ಗುರುವಾರವೇ ಹೋಗಬೇಕು ಎಂದಳು. ಅವನು ಎರಡನೆಯ ಸಲ ಕೇಳದೆ ಒಪ್ಪಿದ್ದು ಅವಳ ಹೆದರಿಕೆಯನ್ನು ಇನ್ನಷ್ಟು ಹೆಚ್ಚಿಸಿತು.

ಬಸ್ಸು ಹಾನಗಲ್ಲು, ಬಿ.ಜಿ. ಕೆರೆ, ತಳಕು ಎಂದು ನಿಂತು ನಿಂತು ಹೋಯಿತು. ಬೊಮ್ಮಣ್ಣ ದಾರಿಯುದ್ದಕ್ಕೂ ಫೋನಿನಲ್ಲಿ ಸೀರೆ ನೋಡುತ್ತಿದ್ದ. ಚಳ್ಳಕೆರೆಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಹೆಸರು ಬರೆದುಕೊಂಡ ಹುಡುಗಿ ಮೊಬೈಲ್ ನಂಬರ್ ಕೇಳಿದಳು. ನಿರ್ಮಲಾ ಗುಂಡಿ ಒತ್ತುವ ತನ್ನ ಪುಟ್ಟ ಫೋನು ತೆಗೆದಳು. ಅದಕ್ಕೆ ರಿಪೋರ್ಟ್ ಬರಲ್ಲಮ್ಮ, ಮನೆಯವರದು ಕೊಡಿ ಎಂದಳು ಹುಡುಗಿ. ಬೊಮ್ಮಣ್ಣ ತನ್ನ ನಂಬರು ಹೇಳಿ, ಚಹಾ ಕುಡಿದು ಬರುತ್ತೇನೆಂದು ಹೋದ.

ಬೆಂಚಿನ ಮೇಲೆ ಪಕ್ಕದಲ್ಲಿ ಬುರ್ಖಾ ತೊಟ್ಟ ಹೆಂಗಸೊಬ್ಬಳು ಕೂತಿದ್ದಳು, ಹೆಚ್ಚುಕಡಿಮೆ ತನ್ನದೇ ವಯಸ್ಸು. ಮುಖದ ಮೇಲಿನ ಬಟ್ಟೆ ಸರಿಸಿ ಬೀಸಣಿಗೆಯ ಹಾಗೆ ಚೀಟಿ ಬೀಸಿಕೊಳ್ಳುತ್ತಿದ್ದಳು.

"ನಿಮ್ದು ಯಾವ ಕಡೆ?" ಎಂದು ಕೇಳಿದಳು.

"ಮೊಳಕಾಲ್ಮೂರು."

"ಅಯ್ಯ, ಊರು ಯಾರು ಕೇಳಿದ್ರು? ಎಡಾನೋ ಬಲಾನೋ?"

ನಿರ್ಮಲಾಗೆ ನಗು ಬಂದುಬಿಟ್ಟಿತು. ಹತ್ತು ದಿನದಲ್ಲಿ ಅದೇ ಮೊದಲು. ಎಡ ಎಂದಳು. ನಂದು ಬಲ, ಇಬ್ಬರೂ ಸೇರಿದರೆ ಒಂದು ನೆಟ್ಟಗಿರೋ ಹೆಂಗಸು ಆಗ್ತೀವಿ ಎಂದಳು ಅವಳು. ಹೆಸರು ಸಾಬಿರಾ. ಪಾವಗಡ ರಸ್ತೆಯಲ್ಲಿ ಗಂಡ ಶಹನವಾಜನದು ಲಾರಿ ರಿಪೇರಿಯ ಗ್ಯಾರೇಜು.

"ರೋಡಲ್ಲಿ ಹೋಗೋ ಲಾರಿ ಸದ್ದು ಕೇಳಿ ಬೇರಿಂಗ್ ಹೋಗೈತೆ ಅಂತ ಒಳಗೆ ಕೂತೇ ಹೇಳ್ತಾರೆ ನಮ್ಮೋರು. ಮೂರು ತಿಂಗ್ಳಿಂದ ನಾನು ಪಕ್ಕದಲ್ಲೇ ನರಳ್ತಾ ಮಲಗಿದ್ದೀನಿ, ಒಂದಿನ ಆದ್ರೂ ಇದೇನೋ ಸದ್ದು ಬರ್ತೈತಲ್ಲ ಅನ್ಲಿಲ್ಲ ನೋಡಿ."

ಹೇಳುತ್ತ ಹೇಳುತ್ತ ಅವಳು ಕೈಯಲ್ಲಿದ್ದ ಚೀಟಿಯನ್ನು ಮಡಿಸಿ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಒಳಗೆ ಕರೆಯುವ ಹೊತ್ತಿಗೆ ಇಬ್ಬರೂ ಮಕ್ಕಳು, ಮನೆ, ಮುಟ್ಟು, ನಿದ್ದೆ ಎಲ್ಲ ಮಾತಾಡಿಕೊಂಡಿದ್ದರು. ಹೊರಡುವಾಗ ಸಾಬಿರಾ ನಿರ್ಮಲಾಳ ಪುಟ್ಟ ಫೋನಿನಿಂದ ತನ್ನ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟುಕೊಂಡಳು.

ಸೂಜಿ ಚುಚ್ಚಿದ್ದು ಒಂದು ನಿಮಿಷ. ತೆಗೆದದ್ದನ್ನು ದಾವಣಗೆರೆಗೆ ಕಳಿಸುತ್ತೇವೆ, ಎಂಟು ದಿನದೊಳಗೆ ರಿಪೋರ್ಟು ಫೋನಿಗೆ ಬರುತ್ತದೆ ಎಂದರು. ಎರಡು ದಿನ ಕೈಗೆ ವಿಶ್ರಾಂತಿ ಕೊಡಿ ಎಂದೂ ಹೇಳಿದರು.

ವಿಶ್ರಾಂತಿ ಅವಳಿಗೆ ಆಗಲಿಲ್ಲ. ಬೊಮ್ಮಣ್ಣನೇನೂ ಒತ್ತಾಯ ಮಾಡಲಿಲ್ಲ, ಅವಳೇ ಶುಕ್ರವಾರ ಬೆಳಿಗ್ಗೆ ಮಗ್ಗಕ್ಕೆ ಇಳಿದಳು. ಸುಮ್ಮನೆ ಕೂತರೆ ಕೈ ತಾನಾಗಿ ಸೆರಗಿನೊಳಗೆ ಹೋಗುತ್ತಿತ್ತು. ದಿನಕ್ಕೆ ಹತ್ತು ಸಲ, ಹದಿನೈದು ಸಲ. ಗಟ್ಟಿ ಇದೆಯೋ, ದೊಡ್ಡದಾಗಿದೆಯೋ, ಬೆರಳಿಗೆ ಸಿಗುತ್ತಿರುವುದು ಅದೋ ಅಥವಾ ಸೂಜಿ ಚುಚ್ಚಿದ ಊತವೋ. ಹಳೆಯ ಬಿಳಿ ಪಂಚೆಯನ್ನು ಹರಿದು ಸಣ್ಣ ಸಣ್ಣ ತುಂಡು ಮಾಡಿಕೊಂಡು ಕುಪ್ಪಸದೊಳಗೆ ಇಟ್ಟುಕೊಳ್ಳುತ್ತಿದ್ದಳು. ತುಂಡು ಒಣಗಿ ಬಂದರೆ ಆ ದಿನ ಬದುಕುತ್ತೇನೆ ಅನ್ನಿಸುತ್ತಿತ್ತು, ಹಸಿರು ಕಂಡರೆ ಇಲ್ಲ. ಮಗ್ಗದಲ್ಲಿ ಮಾತ್ರ ಎರಡು ಕೈಗೂ ಎರಡು ಕಾಲಿಗೂ ಕೆಲಸ. ಲಾಳಿ ಎಸೆಯಬೇಕು, ತುಳಿಯಬೇಕು, ಬಡಿಯಬೇಕು, ಮತ್ತೆ ಎಸೆಯಬೇಕು. ಅಲ್ಲಿ ಕೈ ಎಲ್ಲಿಗೂ ಹೋಗುವಂತಿರಲಿಲ್ಲ.

ಹೀಗಾಗಿ ಕತ್ತಲು ಹರಿಯುವ ಮೊದಲೇ ಇಳಿದರೆ ಊಟಕ್ಕೆ ಕರೆಯುವವರೆಗೆ ಏಳುತ್ತಿರಲಿಲ್ಲ. ದಿನಕ್ಕೆ ಮುಕ್ಕಾಲು ಮೊಳ ನೇಯುತ್ತಿದ್ದವಳು ಒಂದೂವರೆ ಮೊಳ ನೇಯತೊಡಗಿದಳು. ಬಡಿತದಲ್ಲಿ ಒಂದೆಳೆ ಹೆಚ್ಚುಕಡಿಮೆ ಇರಲಿಲ್ಲ. ಅಷ್ಟು ಚೆಂದದ ಬಟ್ಟೆ ಅವಳ ಕೈಯಿಂದ ಹಿಂದೆಂದೂ ಬಂದಿರಲಿಲ್ಲ ಎಂದು ತಿಪ್ಪಕ್ಕನೇ ಹೇಳಿದಳು. ಬೊಮ್ಮಣ್ಣ ದಿನಾ ಸಂಜೆ ಬಗ್ಗಿ ನೋಡಿ ಹೋಗುತ್ತಿದ್ದ. ನೋಡುತ್ತಿದ್ದದ್ದು ಸೀರೆಯನ್ನೋ ತನ್ನನ್ನೋ ಎಂದು ಅವಳು ಯೋಚಿಸಲಿಲ್ಲ.

ಸೋಮವಾರ ಸಂಜೆ ಅವನು ಮೆಣಸಿನಕಾಯಿ ಬಜ್ಜಿ, ಖಾರ ಮಂಡಕ್ಕಿ ಕಟ್ಟಿಸಿಕೊಂಡು ಬಂದ. ಹಾಗೆ ತರುವವನಲ್ಲ. ಟೀವಿ ಜೋರಾಗಿ ಹಾಕಿಕೊಂಡು ತಾಯಿಯ ಜೊತೆ ಕೂತು ತಿಂದ, ನಕ್ಕ. ನಿರ್ಮಲಾ ಮಗ್ಗದ ಗುಂಡಿಯಿಂದಲೇ ಆ ನಗು ಕೇಳಿದಳು. ಇವನಿಗೆ ಹೇಗೆ ಬಾಯಿಗೆ ರುಚಿ ಹತ್ತುತ್ತದೆ ಎಂದುಕೊಂಡಳು. ಮರುದಿನ ತಿಪ್ಪಕ್ಕ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದು ಒಂದು ಚೂರು ಅವಳ ಕೈಗಿಟ್ಟಳು. ತನಗಾಗಿ ಹರಕೆ ಹೊತ್ತಿದ್ದಾಳೆ ಮುದುಕಿ ಎಂದು ನಿರ್ಮಲಾಗೆ ಕಣ್ಣು ತುಂಬಿತು.

ಆ ದಿನಗಳಲ್ಲಿ ಅವಳು ಮನಸ್ಸಿನಲ್ಲೇ ಎಲ್ಲ ಮುಗಿಸಿಕೊಂಡಳು. ಪದ್ಮಶ್ರೀಯ ಬಾಣಂತನಕ್ಕೆ ತಾನಿಲ್ಲದಿದ್ದರೆ ಯಾರನ್ನು ಕರೆಸುವುದು, ಕಿವಿಯ ಓಲೆ ಯಾರಿಗೆ, ಮಗ್ಗಕ್ಕೆ ಯಾರು ಕೂರುವುದು. ಒಂದು ಮೊಳ ನೇಯುವಷ್ಟರಲ್ಲಿ ಒಂದೊಂದು ವಿಷಯ ತೀರ್ಮಾನವಾಗುತ್ತಿತ್ತು. ಬುಧವಾರ ಗಂಡನನ್ನು ಕ್ಷಮಿಸಿದಳು. ಇಪ್ಪತ್ತಾರು ವರ್ಷದ್ದು ಬಹಳ ಇತ್ತು. ಮೊದಲ ಬಸಿರು ಇಳಿದಾಗ ಮೂರೇ ದಿನಕ್ಕೆ ಮಗ್ಗಕ್ಕೆ ಕೂರಿಸಿದ್ದು, ತವರಿನಿಂದ ತಮ್ಮ ಬಂದಾಗ ಮಾತಾಡಿಸದೆ ಕಳಿಸಿದ್ದು, ಅವಳು ನೇಯ್ದ ಸೀರೆಗೆ ಜನ ಹೊಗಳಿದಾಗ ನಮ್ಮ ಸೀರೆ ಅಂದದ್ದು. ಒಂದೊಂದನ್ನೇ ಎತ್ತಿ ಆಚೆಗಿಟ್ಟಳು. ಸಾಯುವವಳಿಗೆ ಇದೆಲ್ಲ ಯಾಕೆ, ಪಾಪ ಒಬ್ಬನೇ ಆಗುತ್ತಾನೆ, ಅವನಿಗೆ ಬೆಳಿಗ್ಗೆ ಬಿಸಿ ನೀರು ಕಾಯಿಸಿ ಕೊಡುವವರು ಯಾರು ಎಂದು ಮರುಗಿದಳು.

ಶುಕ್ರವಾರ ಮಧ್ಯಾಹ್ನ ಸಾಬಿರಾ ಫೋನು ಮಾಡಿದಳು. ದನಿ ಬೇರೆಯಾಗಿತ್ತು, ನಗು ಅದರಲ್ಲಿ ಇರಲಿಲ್ಲ.

"ನಂದು ಬಂತು, ಸೋಮ್ವಾರ. ಅದೇ ಅಂತೆ. ಬರೋ ಸೋಮ್ವಾರ ದಾವಣಗೆರೆಗೆ ಬರೋಕೆ ಹೇಳವ್ರೆ, ತೆಗೀಬೇಕಂತೆ. ನಾಲ್ಕು ದಿನ ನಂಗೆ ಯಾರ ಹತ್ರನೂ ಮಾತಾಡೋಕೇ ಆಗ್ಲಿಲ್ಲ. ನಿಮ್ದೇನಾಯ್ತು?"

 ನನ್ನದು ಇನ್ನೂ ಬಂದಿಲ್ಲ ಎಂದಳು ನಿರ್ಮಲಾ.

"ಇಲ್ವಲ್ಲ, ಆವತ್ತು ಕೊಟ್ಟಿದ್ದೋರ್ದೆಲ್ಲ ಒಟ್ಟಿಗೇ ಬಂತಂತೆ. ನಮ್ಮೋರು ಅಲ್ಲಿಗೇ ಹೋಗಿ ಕೇಳವ್ರೆ. ನಿಮ್ಮ ಯಜಮಾನ್ರ ಫೋನು ನೋಡಿ ಒಂದ್ಸಲ," ಎಂದಳು ಸಾಬಿರಾ.

ಬೊಮ್ಮಣ್ಣ ಒಳಗೆ ಊಟಕ್ಕೆ ಕೂತಿದ್ದ. ನಿರ್ಮಲಾ ಗುಂಡಿಯಿಂದ ಎದ್ದು ಬಂದು ಗೋಡೆಗೆ ಆನಿಕೊಂಡು ನಿಂತಳು. ಕಾಲು ಜೋಮು ಹಿಡಿದಿತ್ತು. ನನ್ನ ರಿಪೋರ್ಟು ಬಂದಿದೆಯೇ ಎಂದು ಕೇಳಿದಳು. ಅವನು ತುತ್ತು ನುಂಗಿದ.

"ಬಂತು. ಏಮೀ ಲೇದಂಟ. ಏನೂ ಇಲ್ವಂತೆ. ಮೆಡಿಕಲ್ ಶಾಪಲ್ಲಿ ಓದಿಸ್ದೆ. ಹಾಲಿನ ನಾಳ ಊದ್ಕಂಡೈತಂತೆ, ಈ ವಯಸ್ಸಲ್ಲಿ ಆಗ್ತೈತಂತೆ. ಆ ರೋಗ ಅಲ್ಲ."

"ಯಾವಾಗ ಬಂತು?"

"ಸೋಮವಾರ. ನಾಲ್ಕು ಗಂಟೆ ಇರ್ಬೇಕು."

ತಿಪ್ಪಕ್ಕ ಸಾರು ಬಡಿಸುತ್ತಿದ್ದವಳು ಸೌಟು ಹಿಡಿದೇ ನಿಂತಳು. "ನೀನು ಹೇಳಿಲ್ವೇನೋ ಇವಳಿಗೆ? ನಾನು ಮಂಗಳವಾರನೇ ಕಾಯಿ ಒಡೆಸಿದ್ನಲ್ಲ. ಗೊತ್ತೈತೆ ಅನ್ಕಂಡಿದ್ದೆ," ಎಂದಳು.

ಅವನು ತಟ್ಟೆಯಲ್ಲಿ ಅನ್ನ ಕಲಸಿದ. ಕಲಸುತ್ತಲೇ ಹೇಳಿದ:

"ಕೈ ಚೆನ್ನಾಗಿ ಓಡ್ತಿತ್ತು. ಹೇಳಿದ್ರೆ ಅಳ್ತಾ ಕೂರ್ತೀಯ, ಸಂತೋಷಕ್ಕೂ ಅಳೋಳು ನೀನು. ಸೆರಗು ಮುಗೀಲಿ ಅಂದ್ಕಂಡೆ. ಕೆಟ್ಟದಾಗಿದ್ರೆ ಆ ಗಳಿಗೆಗೇ ಓಡಿ ಬಂದು ಹೇಳ್ತಿದ್ದೆ. ಒಳ್ಳೇದೇ ಅಲ್ವಾ?"

ಅವಳು ಕಿರುಚಲಿಲ್ಲ. ಕಿರುಚಲು ಮನಸ್ಸು ತಯಾರಿರಲಿಲ್ಲ. ಬದುಕಿದೆ ಎಂಬುದು ಮೊದಲು ಒಳಗೆ ಇಳಿಯಬೇಕಿತ್ತು. ಅದು ಇಳಿಯುವ ದಾರಿಗೆ ಸೋಮವಾರ ಅಡ್ಡ ನಿಂತಿತ್ತು. ಸೋಮವಾರ ನಾಲ್ಕು ಗಂಟೆಗೆ ತಾನು ಏನು ಮಾಡುತ್ತಿದ್ದೆ? ಓಲೆ ಯಾರಿಗೆ ಎಂದು ಲೆಕ್ಕ ಹಾಕುತ್ತಿದ್ದೆ. ಆ ಹೊತ್ತಿಗೆ ಇವನು ಮೆಡಿಕಲ್ ಶಾಪಿನ ಮುಂದೆ ನಿಂತು ತನ್ನ ಎದೆಯ ಭಾರ ಇಳಿಸಿಕೊಂಡು, ಹಗುರವಾಗಿ, ಬಜ್ಜಿಯ ಗಾಡಿಯ ಕಡೆ ನಡೆದಿದ್ದ. ಇವನಿಗೂ ಹೆದರಿಕೆ ಇತ್ತು, ಹೌದು. ಇಲ್ಲದಿದ್ದರೆ ಓದಿಸುತ್ತಿರಲಿಲ್ಲ. ತನ್ನ ಹೆದರಿಕೆ ಕಳೆದ ಕೂಡಲೇ ಇನ್ನೊಬ್ಬರದು ಇದೆ ಎಂಬುದು ಅವನಿಗೆ ನೆನಪಾಗಲಿಲ್ಲ. ಅಥವಾ ನೆನಪಾಗಿಯೇ, ಅದು ಒಂದೂವರೆ ಮೊಳ ನೇಯುತ್ತಿದೆ, ಇರಲಿ ಎಂದು ಬಿಟ್ಟ. ಎರಡರಲ್ಲಿ ಯಾವುದೇ ಆಗಿದ್ದರೂ ಅವನು ಈಗ ಉಣ್ಣುತ್ತಿದ್ದ ಅನ್ನದ ರುಚಿ ಬದಲಾಗುತ್ತಿರಲಿಲ್ಲ.

ಫೋನು ಕೊಡಿ ಎಂದಳು. ಅವನು ಎಡಗೈಯಿಂದ ಒತ್ತಿ ಹುಡುಕಿದ. ಕೆಂಪು ಸೀರೆಯ ಫೋಟೋಗಳು ಒಂದರ ಮೇಲೊಂದು ಸರಿದುಹೋದವು. ಗುರುವಾರದ್ದು, ಬುಧವಾರದ್ದು, ಮಂಗಳವಾರದ್ದು. ದಿನಾ ಸಂಜೆ ಬಗ್ಗಿ ತೆಗೆದು ಬಳ್ಳಾರಿಗೆ ಕಳಿಸಿದ್ದ. ಒಂದರ ಮೂಲೆಯಲ್ಲಿ ಅವಳ ಮೊಣಕೈ ಬಂದಿತ್ತು. ಅವೆಲ್ಲ ಮುಗಿದ ಮೇಲೆ ಇಂಗ್ಲಿಷಿನ ಒಂದು ಹಾಳೆ, ಅದರಲ್ಲಿ ಅವಳು ಓದಬಲ್ಲದ್ದು ತನ್ನ ಹೆಸರೊಂದೇ.

ಅಂದು ಮಧ್ಯಾಹ್ನ ಮಗ್ಗಕ್ಕೆ ಕೂತಳು. ಸೆರಗು ಮುಗಿಯಲು ಇನ್ನೊಂದು ಗೇಣು ಇತ್ತು. ಲಾಳಿ ಎಸೆದಳು, ತುಳಿದಳು, ಬಡಿದಳು. ಕೈಗೆ ಬಲವೇ ಬರಲಿಲ್ಲ. ಹತ್ತು ಎಳೆ ಹಾಕುವಷ್ಟರಲ್ಲಿ ಬಡಿತ ಸಡಿಲಾದದ್ದು ಅವಳ ಕಣ್ಣಿಗೇ ಕಂಡಿತು. ಬಿಚ್ಚಿ ಮತ್ತೆ ಹಾಕಿದಳು. ಮತ್ತೆ ಹಾಗೇ ಆಯಿತು. ಬೊಮ್ಮಣ್ಣ ಹಿಂದೆ ಬಂದು ನಿಂತ.

"ಇವತ್ತೇನು ಕೈ ಓಡ್ತಿಲ್ಲ? ಈಗ ಏನೂ ಇಲ್ವಲ್ಲ," ಎಂದ. ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ, ನಿಜವಾಗಿಯೇ ತಿಳಿಯದೆ ಕೇಳಿದ್ದ. ಅದು ಅವಳಿಗೆ ಎಲ್ಲಕ್ಕಿಂತ ಕಹಿಯಾಯಿತು. ಬುಧವಾರ ಕೊಟ್ಟ ಕ್ಷಮೆಯನ್ನು ಹೇಗೆ ವಾಪಸು ತೆಗೆದುಕೊಳ್ಳುವುದು ಎಂದು ಯೋಚಿಸಿದಳು. ಸಾಯುವ ಹೆಂಗಸು ಕೊಟ್ಟದ್ದು ಅದು. ಅದನ್ನು ಕೊಟ್ಟವಳು ಈಗ ಇರಲಿಲ್ಲ, ಪಡೆದವನಿಗೆ ಪಡೆದದ್ದೇ ಗೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ತಲೆ ಬಾಚಿಕೊಂಡು, ಬೇರೆ ಸೀರೆ ಉಟ್ಟು ಚಪ್ಪಲಿ ಮೆಟ್ಟಿದಳು. ಎಲ್ಲಿಗೆ ಎಂದು ತಿಪ್ಪಕ್ಕ ಕೇಳಿದಳು. ಚಳ್ಳಕೆರೆಗೆ, ಒಬ್ಬರನ್ನು ನೋಡಿ ಬರಬೇಕು ಎಂದಳು. ಏನೂ ಇಲ್ಲವೆಂದ ಮೇಲೆ ಮತ್ತೆ ಚಳ್ಳಕೆರೆ ಯಾಕೆ ಎಂದು ಮುದುಕಿ ಗೊಣಗಿದಳು. ಬೊಮ್ಮಣ್ಣ ಬಾಗಿಲಿಗೆ ಬಂದು, ಇನ್ನೊಂದು ಗೇಣು ಐತಲ್ಲ ಎಂದ. ಇರಲಿ ಎಂದಳು. ನಾಳೆ ಬಳ್ಳಾರಿಯವನು ಬರುತ್ತಾನೆ ಎಂದ. ಅವಳು ಆಗಲೇ ಬೀದಿಯ ತಿರುವಿನಲ್ಲಿದ್ದಳು. ದೊಡ್ಡೀರಪ್ಪ ಹಗ್ಗದ ಮೇಲೆ ಲಡಿ ಒಣಹಾಕುತ್ತಿದ್ದವನು ನೋಡಿದ. ಅವನ ಎದುರು ಒಂದು ಗಳಿಗೆ ನಿಂತು, ನಿಮ್ಮ ಬಣ್ಣದ್ದೇನೂ ತಪ್ಪಿರಲಿಲ್ಲ ಎಂದು ಹೇಳಿ ಮುಂದೆ ಹೋದಳು.

ಬಸ್ಸಿನಲ್ಲಿ ಒಂದು ಯೋಚನೆ ಅವಳನ್ನು ಕೊರೆಯಿತು. ಸಾಬಿರಾ ಕೇಳಿದರೆ ಏನು ಹೇಳುವುದು? ನಿನ್ನದು ಅದೇ, ನನ್ನದು ಅಲ್ಲ ಎಂದು ಅವಳ ಮುಖ ನೋಡಿ ಹೇಗೆ ಹೇಳುವುದು? ಇನ್ನೂ ಬಂದಿಲ್ಲ ಎಂದೇ ಹೇಳಿಬಿಡಲೇ? ತಳಕು ದಾಟುವವರೆಗೂ ಅದೇ ಸರಿ ಅನ್ನಿಸಿತು. ಚಳ್ಳಕೆರೆ ಹತ್ತಿರವಾದಂತೆ, ಇರುವ ಸುದ್ದಿಯನ್ನು ಇಲ್ಲವೆಂದು ಮುಚ್ಚಿಡುವವರ ಸಾಲಿಗೆ ತಾನೂ ಸೇರುತ್ತೇನೆ ಅನ್ನಿಸಿ ಬಿಟ್ಟುಕೊಟ್ಟಳು.

ಗ್ಯಾರೇಜಿನ ಹಿಂದೆಯೇ ಮನೆ. ಬಾಗಿಲು ತೆಗೆದದ್ದು ಸಾಬಿರಾಳ ನಾದಿನಿ ಫರ್ಜಾನಾ. ಶಹನವಾಜ್ ಎಣ್ಣೆ ಹತ್ತಿದ ಕೈಯಲ್ಲೇ ಅಂಗಳದ ಮೂಲೆಯಲ್ಲಿ ಕೂತಿದ್ದ. ಕೆಲಸ ಮುಂದುವರಿಸಿಯೂ ಇರಲಿಲ್ಲ, ಕೈ ತೊಳೆದೂ ಇರಲಿಲ್ಲ. ಅವಳನ್ನು ನೋಡಿ ಎದ್ದು ನಿಂತ, ಮತ್ತೆ ಕೂತ. ಒಳಗೆ ಸಾಬಿರಾ ಮಂಚದ ಮೇಲೆ ಬಟ್ಟೆ ಹರವಿಕೊಂಡು ಆಸ್ಪತ್ರೆಯ ಚೀಲ ತುಂಬುತ್ತಿದ್ದಳು. ಮುಂದೆ ಗುಂಡಿ ಇರುವ ನೈಟಿಗಳನ್ನೇ ಆರಿಸಿ ಬೇರೆ ಇಟ್ಟಿದ್ದಳು.

"ಬನ್ನಿ ಬನ್ನಿ, ಕೂತ್ಕಳಿ. ತೆಗೆದ್ಮೇಲೆ ಬಲಗೈ ಎತ್ತೋಕಾಗಲ್ಲ ಅಂತ ಈಗ್ಲೇ ಹೇಳವ್ರೆ. ಇವ್ರಿಗೆ ರೊಟ್ಟಿ ಬೇಯ್ಸಿ ಹಾಕೋರು ಯಾರು ಅಂತ ಫರ್ಜಾನಾನ ಕೇಳ್ತಿದ್ದೆ," ಎಂದು ಜಾಗ ಮಾಡಿಕೊಟ್ಟಳು. ಆಮೇಲೆ ಅವಳ ಮುಖ ಹಿಡಿದು ನೋಡಿದಳು. "ನಿಮ್ದು?"

"ನಂದು... ಏನೂ ಇಲ್ಲವಂತೆ," ಎಂದಳು ನಿರ್ಮಲಾ. ತಪ್ಪು ಒಪ್ಪಿಕೊಳ್ಳುವವರ ಹಾಗೆ ತಲೆ ತಗ್ಗಿತ್ತು.

ಸಾಬಿರಾ ಕೈಯಲ್ಲಿದ್ದ ನೈಟಿ ಬಿಟ್ಟಳು. ಎರಡೂ ಕೈಯಿಂದ ನಿರ್ಮಲಾಳ ಭುಜ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಅವಳ ಮುಖ ಅರಳಿತ್ತು, ಅದರಲ್ಲಿ ಸುಳ್ಳಿರಲಿಲ್ಲ.

"ನಿಜಾನಾ? ಅಲ್ಲಾ ದೊಡ್ಡೋನು. ಎಷ್ಟು ಒಳ್ಳೇ ಸುದ್ದಿ ತಂದ್ರಿ. ಇಬ್ರಲ್ಲಿ ಒಬ್ರಾದ್ರೂ ಉಳ್ಕಂಡ್ವಲ್ಲ. ಮೊದ್ಲು ಸಿಹಿ ತಿನ್ಬೇಕು ನೀವು. ಫರ್ಜಾನಾ, ಸಕ್ರೆ ತಗಂಡು ಬಾ."

ಬಾಯಿ ತೆರೆಸಿ ಒಂದು ಚಿಟಿಕೆ ಸಕ್ಕರೆ ಹಾಕಿದಳು. ಸೋಮವಾರದಿಂದ ನಿರ್ಮಲಾಗೆ ಬರಬೇಕಾಗಿದ್ದ ಮಾತು ಅದು. ಯಾರೂ ಆಡಿರಲಿಲ್ಲ. ಸಕ್ಕರೆ ನಾಲಗೆಯ ಮೇಲೆ ಕರಗುವ ಮೊದಲೇ ನಿರ್ಮಲಾಗೆ ಅಳು ಬಂತು. ಹತ್ತಿರದ ಜನ ಸತ್ತಾಗ ಬರುವಂಥ ಅಳು, ಹೊಟ್ಟೆಯ ಬುಡದಿಂದ. ಸಾಬಿರಾಳ ಹೆಗಲ ಮೇಲೆ ಮುಖವಿಟ್ಟು ಅತ್ತಳು. ತಡೆಯಲು ನೋಡಿದಳು, ಆಗಲಿಲ್ಲ. ಇವಳ ಮುಂದೆ ಅಳಬಾರದು, ಇಂದು ಇವಳ ಮುಂದೆ ಅಳುವ ಹಕ್ಕು ತನಗಿಲ್ಲ ಎಂದು ಗೊತ್ತಿತ್ತು. ಆದರೂ ಅತ್ತಳು. ಸೀರೆಗೆ, ಬಜ್ಜಿಗೆ, ಆ ಕ್ಷಮೆಗೆ, ನಾಲ್ಕು ದಿನಕ್ಕೆ. ಅದರಲ್ಲಿ ಒಂದು ಹನಿಯೂ ಸಾಬಿರಾಳಿಗಾಗಿ ಇರಲಿಲ್ಲ.

ಸಾಬಿರಾ ಅವಳ ಬೆನ್ನು ಸವರುತ್ತ, ಆಯ್ತು ಆಯ್ತು, ನಂಗೇನೂ ಆಗಲ್ಲ, ಅಳ್ಬೇಡಿ ಎನ್ನುತ್ತಿದ್ದಳು. ಫರ್ಜಾನಾ ನೀರಿನ ಲೋಟ ಹಿಡಿದು ನಿಂತು, ಅಂಗಳದ ಕಡೆ ತಿರುಗಿ ಅಣ್ಣನಿಗೆ ಹೇಳಿದಳು: "ಯಾವೂರೋ ಏನೋ, ಒಂದಿನ ಬೆಂಚಲ್ಲಿ ಜೊತೆಗೆ ಕೂತಿದ್ದೋರು. ನಮ್ಮ ಭಾಬಿಗೋಸ್ಕರ ಹೆಂಗೆ ಅಳ್ತಾವ್ರೆ ನೋಡಿ ಭಾಯ್. ಎಂಥಾ ದಿಲ್ಲು."

ನಿರ್ಮಲಾಗೆ ಅದು ಕೇಳಿಸಿತು. ಅಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದಳು. ಹೇಳಲಿಲ್ಲ. ಮುಖ ಎತ್ತದೆ ಅಳುತ್ತಲೇ ಇದ್ದಳು.